ಕೊಹಿನೂರ ಸೀಮೆಯ ಒಕ್ಕಲುತನ: ಹೆಣ್ಣು–ಗಂಡಿನ ಕಟ್ಟುಪಾಡು ಮತ್ತು ಕೃಷಿ ಸಂಶೋಧನೆ

ಕೊಹಿನೂರ ಬೀದರ್ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಒಂದು ಹೋಬಳಿ ಊರು. ಇದರ ಸುತ್ತಿನ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯಲ್ಲಿ ಎರೆ ಮಣ್ಣೂ ಇದೆ, ಕೆಂಪು ಜಂಬುಮಣ್ಣೂ ಇದೆ. ಬೆಳೆ ಬಹುಪಾಲು ಮಳೆಯನ್ನೇ ನಂಬಿದ್ದು. ಮುಂಗಾರಿಗೆ ಹೆಸರು, ಉದ್ದು, ತೊಗರಿ, ಸೋಯಾ. ಹಿಂಗಾರಿಗೆ ಬಿಳಿಜೋಳ, ಕಡಲೆ. ನೀರು ಇದ್ದಲ್ಲಿ ಕಬ್ಬು. ಹಿಡುವಳಿಗಳು ಸಣ್ಣವು. 2015–16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗಿಂತ ಕಡಿಮೆ. ಇಷ್ಟು ಚಿಕ್ಕ ಹೊಲದಲ್ಲಿ ಯಾವ ಕೆಲಸ ಹೆಣ್ಣಾಳಿನದು, ಯಾವುದು ಗಂಡಾಳಿನದು, ಮಾಲನ್ನು ಅಡತಿಗೆ ಒಯ್ಯುವವರು ಯಾರು, ಪಹಣಿಯಲ್ಲಿ ಯಾರ ಹೆಸರು, ಕೃಷಿ ವಿಜ್ಞಾನಿ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತು ಮಾತಾಡುವವರು ಯಾರು ಎಂಬುದನ್ನೆಲ್ಲ ತೀರ್ಮಾನಿಸುವ, ಎಲ್ಲಿಯೂ ಬರೆದಿಡದ ನಿಯಮಗಳನ್ನು ಇಲ್ಲಿ ಕಟ್ಟುಪಾಡು ಎಂದು ಕರೆಯಲಾಗಿದೆ.

ಈ ವಿಷಯಕ್ಕೆ ಎರಡು ಪದಗಳಿಂದ ಪ್ರವೇಶ ಪಡೆಯುವುದು ಒಳ್ಳೆಯದು. ‘ಒಕ್ಕಲು’ ಎಂದರೆ ಸಂಸಾರ, ಮನೆತನ. ‘ಒಕ್ಕು’ ಎಂದರೆ ಕಣದಲ್ಲಿ ಕಾಳು ಬೇರ್ಪಡಿಸುವುದು. ಒಕ್ಕಲುತನ ಎಂದಾಗ ಇಡೀ ಮನೆಯೇ ಹೊಲದಲ್ಲಿ ನಿಂತಂತೆ ಕೇಳುತ್ತದೆ. ಒಕ್ಕಲಿಗನಿಗೆ ಜೋಡಿಯಾಗಿ ಒಕ್ಕಲಗಿತ್ತಿ ಎಂಬ ಪದವೂ ನಮ್ಮಲ್ಲಿದೆ. ‘ರೈತ’ ಎಂಬುದು ಬೇರೆ ದಾರಿಯಿಂದ ಬಂದದ್ದು. ಪ್ರಜೆ ಎಂಬ ಅರ್ಥದ ಅರಬ್ಬಿ ಪದ ಪಾರ್ಸಿ–ಉರ್ದು ಆಡಳಿತದ ಮೂಲಕ, ಕಂದಾಯ ಕಟ್ಟುವವನು ಎಂಬ ಲೆಕ್ಕದಲ್ಲಿ ನಮ್ಮ ಹೊಲಕ್ಕೆ ಇಳಿಯಿತು. ಒಂದು ಕಾಲಕ್ಕೆ ನಿಜಾಮರ ಆಡಳಿತದಲ್ಲಿದ್ದು, ಮುಂದೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಬೀದರ್ ಸೀಮೆಯಲ್ಲಿ ಈ ಪದಕ್ಕೆ ಕಚೇರಿಯ ತೂಕ ಹೆಚ್ಚು. ಒಕ್ಕಲಗಿತ್ತಿ ಮಾತಿನಿಂದ ಮರೆಯಾದಳು, ‘ರೈತ’ ಉಳಿದ. ‘ರೈತ ಮಹಿಳೆ’ ಎಂದು ಈಗ ನಾವು ಬಿಡಿಸಿ ಹೇಳಬೇಕಾಗಿದೆ.

ಹೊಲದ ಕೆಲಸದ ಹಂಚಿಕೆ

ರಂಟೆ ಹೊಡೆಯುವುದು, ಕುಂಟೆ ಹೊಡೆಯುವುದು, ಎಡೆ ಹೊಡೆಯುವುದು, ಎತ್ತು ಕಟ್ಟುವ ಕೆಲಸ ಯಾವುದಿದ್ದರೂ ಅದು ಗಂಡಸಿನದು. ಬೀಜ ಬಿಡುವುದು, ಸದಿ (ಕಳೆ) ತೆಗೆಯುವುದು, ಹೆಸರು–ಉದ್ದಿನ ಕಾಯಿ ಬಿಡಿಸುವುದು, ಕಡಲೆ ಕೀಳುವುದು, ಜೋಳದ ತೆನೆ ಮುರಿಯುವುದು, ಕಾಳು ಹಸನು ಮಾಡುವುದು ಹೆಂಗಸಿನದು. ತೊಗರಿ ಕೊಯ್ಯಲು ಇಬ್ಬರೂ ಇಳಿಯುತ್ತಾರೆ. ಔಷಧ ಹೊಡೆಯುವವನು ಗಂಡಸು. ಅದಕ್ಕೆ ಕೊಡಗಟ್ಟಲೆ ನೀರು ಹೊತ್ತು ತರುವವಳು ಹೆಂಗಸು. ಹೆಣ್ಣು ನೇಗಿಲು ಹಿಡಿಯಬಾರದು ಎಂಬ ನಂಬಿಕೆ ದೇಶದ ಬಹುಭಾಗದಲ್ಲಿದ್ದಂತೆ ಇಲ್ಲಿಯೂ ಗಟ್ಟಿ. ಮುಟ್ಟಾದವಳು ಬೀಜದ ಗುಡಾಣ ಮುಟ್ಟಬಾರದು, ಕಣಕ್ಕೆ ಬರಬಾರದು ಎಂಬ ನಿಷೇಧಗಳೂ ಇವೆ. ಕೂರಿಗೆ ಪೂಜೆಗೆ, ಉಡಿ ತುಂಬುವುದಕ್ಕೆ ಮುತ್ತೈದೆಯೇ ಬೇಕು. ಗಂಡನನ್ನು ಕಳೆದುಕೊಂಡವಳು ಹೊಲವನ್ನು ಒಬ್ಬಳೇ ನಿಭಾಯಿಸುತ್ತಿದ್ದರೂ ಅದೇ ಹೊಲದ ಬಿತ್ತನೆಯ ಮೊದಲ ಹಿಡಿಗೆ ಪಕ್ಕದ ಮನೆಯವಳನ್ನು ಕರೆಯಬೇಕಾಗುತ್ತದೆ.

ಕೂರಿಗೆ ಬಿತ್ತನೆಯನ್ನು ಹತ್ತಿರದಿಂದ ನೋಡಿದರೆ ಈ ಹಂಚಿಕೆಯ ಒಳಗುಟ್ಟು ತಿಳಿಯುತ್ತದೆ. ಮೂರು ತಾಳಿನ ಕೂರಿಗೆಗೆ ಎತ್ತು ಹೂಡಿ ಗಂಡಸು ಸಾಲು ಹಿಡಿಯುತ್ತಾನೆ. ಅವನ ಬೆನ್ನಿಗೆ ಹೆಂಗಸು. ಸೀರೆಯ ಸೆರಗು ಕಟ್ಟಿ ಮಾಡಿದ ಉಡಿಯಲ್ಲಿ ಬೀಜ, ಬಲಗೈ ಮುಷ್ಟಿ ಕೂರಿಗೆಯ ಬಟ್ಟಲಿನ ಮೇಲೆ. ಮುಷ್ಟಿ ತುಸು ಸಡಿಲಿಸಿ ಬೆರಳ ಸಂದಿಯಿಂದ ಕಾಳು ಬಿಡುತ್ತಾ, ಎತ್ತಿನ ನಡಿಗೆಗೆ ಸರಿಯಾಗಿ ಹೆಜ್ಜೆ ಹಾಕುತ್ತಾಳೆ. ಎತ್ತು ಬಿರುಸಾದರೆ ಕೈಯೂ ಬಿರುಸಾಗಬೇಕು, ತಿರುವಿನಲ್ಲಿ ಎತ್ತು ನಿಂತರೆ ಮುಷ್ಟಿ ಬಿಗಿಯಬೇಕು. ಅಕ್ಕಡಿ ಸಾಲಿದ್ದರೆ ಇನ್ನೊಬ್ಬ ಹೆಂಗಸು ಬೇರೆ ಕೊಳವೆ ಹಿಡಿದು ತೊಗರಿ ಬಿಡುತ್ತಾ ಬರುತ್ತಾಳೆ. ಮೊಳಕೆ ಎದ್ದಾಗ ಸಾಲು ದಟ್ಟವೋ ತೆಳುವೋ ಎಂಬುದು ಆ ಕೈಯ ಫಲ. ಎಕರೆಗೆ ಇಷ್ಟು ಕಿಲೊ ಬೀಜ ಎಂದು ಶಿಫಾರಸು ಪತ್ರಿಕೆಯಲ್ಲಿ ಅಚ್ಚಾಗುವ ಅಂಕಿಯನ್ನು ನೆಲದ ಮೇಲೆ ನಿಜ ಮಾಡುವವಳು ಆಕೆ. ಆದರೂ ಆ ಪತ್ರಿಕೆ ಹಂಚುವ ಸಭೆಗೆ ಹೋಗುವವನು ಕೂರಿಗೆ ಹಿಡಿದವನು.

ಟ್ರ್ಯಾಕ್ಟರ್ ಬಂದ ಮೇಲೆ ನೇಗಿಲಿನ ನಿಷೇಧ ಸಡಿಲವಾಗಬೇಕಿತ್ತು. ಆಗಲಿಲ್ಲ; ಅದು ಬಾಡಿಗೆಯ ರೂಪ ತಳೆಯಿತು. ಟ್ರ್ಯಾಕ್ಟರ್ ಒಡೆಯನೂ ಡ್ರೈವರನೂ ಗಂಡಸರೇ. ಹದ ಬಿದ್ದ ನಾಲ್ಕು ದಿನದಲ್ಲಿ ಊರಿಗೆಲ್ಲ ಟ್ರ್ಯಾಕ್ಟರ್ ಬೇಕು. ಚೌಕದಲ್ಲಿ ನಿಂತು ಅವನನ್ನು ಕರೆದು ತರುವ ಗಂಡಸು ಮನೆಯಲ್ಲಿಲ್ಲದಿದ್ದರೆ ಆ ಹೊಲದ ಪಾಳಿ ಕೊನೆಗೆ. ದುಡಿಯಲು ಗಂಡ ಮುಂಬೈಗೋ ಪುಣೆಗೋ ಹೈದರಾಬಾದಿಗೋ ಹೋದ ಮನೆಗಳು ಈ ಸೀಮೆಯಲ್ಲಿ ಹಲವು. ಅಲ್ಲಿ ಬಿತ್ತನೆ ತಡವಾದರೆ ಆಕೆಗೆ ಒಕ್ಕಲುತನ ತಿಳಿಯದು ಎನ್ನುತ್ತಾರೆ. ಇದು ಅನ್ಯಾಯದ ಮಾತು.

ನೇಗಿಲಿಗೂ ಹೆಣ್ಣಿನ ಸ್ಥಾನಕ್ಕೂ ನಂಟು ಹುಡುಕುವ ಚರ್ಚೆ ವಿದ್ವಾಂಸರಲ್ಲಿ ಹಳೆಯದು. ಎಸ್ಟರ್ ಬೋಸರಪ್ 1970ರ ಪುಸ್ತಕದಲ್ಲಿ, ಗುದ್ದಲಿ ಬೇಸಾಯದ ನಾಡುಗಳಲ್ಲಿ ಹೆಣ್ಣು ಹೊಲದ ಯಜಮಾನಿಯಾಗಿದ್ದಳು, ನೇಗಿಲು ಬಂದಲ್ಲಿ ಗಂಡಸು ಯಜಮಾನನಾದ ಎಂದು ವಾದಿಸಿದರು. ಅಲೆಸಿನಾ, ಜೂಲಿಯಾನೊ, ನನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಇದನ್ನು ಜಾಗತಿಕ ಅಂಕಿಅಂಶಗಳಿಂದ ಸಮರ್ಥಿಸಿದರು. ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು ಎಲಿಯಾನಾ ಕರಾಂಜಾ ಅವರ 2014ರ ಅಧ್ಯಯನ. ಭಾರತದ ಜಿಲ್ಲೆಗಳ ಮಣ್ಣನ್ನು ಹೋಲಿಸಿದ ಅವರಿಗೆ, ಆಳವಾಗಿ ಉಳಬಹುದಾದ ಗೋಡುಮಣ್ಣಿನ ಕಡೆಗಿಂತ ಜಿಗುಟಾದ ಎರೆಯಂಥ ಮಣ್ಣಿನ ಕಡೆ ಹೆಣ್ಣಾಳಿನ ಬೇಡಿಕೆ ಹೆಚ್ಚು, ಹೆಣ್ಣುಮಕ್ಕಳ ಸಂಖ್ಯೆಯೂ ಮೇಲು ಎಂದು ಕಂಡಿತು. ಮಣ್ಣೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಆದರೂ ಎರೆ ಹೊಲದ ಸದಿ ಎಂಥದು ಎಂದು ಬಲ್ಲವರಿಗೆ ಈ ಮಾತು ವಿಚಿತ್ರ ಎನಿಸುವುದಿಲ್ಲ. ಮಳೆ ಹಿಡಿದರೆ ಎರೆಯಲ್ಲಿ ಎತ್ತು ಇಳಿಯಲಾಗದು; ಖುರಪಿ ಹಿಡಿದು ಕುಕ್ಕರಗಾಲಲ್ಲಿ ಕೂತು ಹೆಂಗಸರೇ ಬೆಳೆ ಉಳಿಸಬೇಕು.

ಹೊಲಕ್ಕೆ ಹೋಗದಿರುವುದೂ ಒಂದು ಕಟ್ಟುಪಾಡು. ನಾಲ್ಕು ಕಾಸು ಕೂಡಿದ ಒಕ್ಕಲು ಮನೆಯಲ್ಲಿ ಸೊಸೆಯನ್ನು ಹೊಲಕ್ಕೆ ಕಳಿಸದಿರುವುದು ಮರ್ಯಾದೆ ಎನಿಸಿಕೊಳ್ಳುತ್ತದೆ. ದಲಿತ ಕೇರಿಯ, ತಾಂಡಾದ ಹೆಂಗಸರಿಗೆ ಆ ಆಯ್ಕೆ ಇಲ್ಲ. ಊರಿನ ಸದಿ, ಕಟಾವುಗಳ ಭಾರ ಬಹಳಷ್ಟು ಅವರ ಬೆನ್ನ ಮೇಲಿದೆ. ಹೆಣ್ಣು–ಗಂಡಿನ ಕಟ್ಟುಪಾಡನ್ನು ಜಾತಿ ಬಿಟ್ಟು ಓದಿದರೆ ಅರ್ಧವೇ ತಿಳಿದಂತೆ.

ಕಾಳು, ಬೀಜ, ರೊಟ್ಟಿ

ಬೀಜ ಕಾಯುವುದು ಹೆಣ್ಣಿನ ವಿದ್ಯೆ. ತೆನೆ ಆರಿಸುವುದು, ಬೂದಿ ಬೆರೆಸಿ ಬೇವಿನೆಲೆ ಹಾಕಿ ಗುಡಾಣದ ಬಾಯಿ ಮೆತ್ತುವುದು, ತೊಗರಿಗೆ ಕೆಮ್ಮಣ್ಣು ಲೇಪಿಸಿ ಒಣಗಿಸಿ ಬೇಳೆ ಒಡೆಯುವುದು ಎಲ್ಲವೂ ಅತ್ತೆಯಿಂದ ಸೊಸೆಗೆ ಬಂದ ತಿಳಿವಳಿಕೆ. ಇದಕ್ಕೆ ಪ್ರಯೋಗಾಲಯದಲ್ಲಿ ಬೆಲೆ ಸಿಕ್ಕದಿದ್ದಾಗ ಏನಾಯಿತು ಎಂಬುದಕ್ಕೆ ಜೋಳವೇ ಸಾಕ್ಷಿ.

1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿ.ಎಸ್.ಎಚ್.–1 ಬಿಡುಗಡೆಯಾಯಿತು. ಇಳುವರಿ ಹೆಚ್ಚು, ದಂಟು ಗಿಡ್ಡ. ಆದರೆ ಮನೆಯಲ್ಲಿ ಹಿಟ್ಟು ನಾದಿದವರಿಗೆ ಅದು ಹಿಡಿಸಲಿಲ್ಲ. ರೊಟ್ಟಿ ಬಡಿಯುವಾಗ ಅಂಚು ಸೀಳಬಾರದು, ಮರುದಿನಕ್ಕೆ ಕಟಗಾದರೂ ರುಚಿ ಕೆಡಬಾರದು, ಮೇವಿಗೆ ಕಣಿಕೆ ಉದ್ದವಿರಬೇಕು ಎಂಬುದು ಅವರ ಅಳತೆಗೋಲು. ಅದರಲ್ಲಿ ಗೆದ್ದದ್ದು ಸೋಲಾಪುರ ಸೀಮೆಯ ಮಾಲದಂಡಿ, ಅಂದರೆ ಎಂ 35–1. ಇಂದಿಗೂ ಹಿಂಗಾರಿ ಹೊಲದಲ್ಲಿ ಅದರ ಹೆಸರೇ ದೊಡ್ಡದು. ಸಂಶೋಧಕರು ಕೊನೆಗೆ ಈ ಅಳತೆಗೋಲನ್ನು ಗಂಭೀರವಾಗಿ ತೆಗೆದುಕೊಂಡರು. 1972ರಲ್ಲಿ ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ ಆರಂಭವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ 1981ರಲ್ಲಿ ಜೋಳದ ಕಾಳಿನ ಗುಣದ ಬಗ್ಗೆಯೇ ಅಂತರರಾಷ್ಟ್ರೀಯ ಗೋಷ್ಠಿ ನಡೆಯಿತು. ಹಿಟ್ಟಿನ ಜಿಗುಟು, ರೊಟ್ಟಿಯ ಬಣ್ಣ, ರುಚಿ, ಇಟ್ಟು ಉಣ್ಣುವ ಗುಣ ಇವನ್ನು ಪರೀಕ್ಷಿಸುವ ಕ್ರಮಗಳು ರೂಪುಗೊಂಡವು. ಉಳಿದ ತಳಿಗಳನ್ನು ಹೋಲಿಸಲು ಎಂ 35–1 ಮಾದರಿಯಾಯಿತು. ಹುಮನಾಬಾದ್ ಹಾದು ಹೋಗುವ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲೇ ಪಟಾನ್‌ಚೆರು ಇದೆ. ಒಲೆಯ ಮುಂದೆ ಕೂತ ಹೆಂಗಸಿಗೆ ಮೊದಲೇ ಗೊತ್ತಿದ್ದ ಸಂಗತಿ ಆ ದಾರಿಯಲ್ಲಿ ಅಲ್ಲಿಗೆ ತಲುಪಲು ಹದಿನೇಳು ವರ್ಷ ಬೇಕಾಯಿತು.

ಸೋಯಾ ಕತೆ ಇದಕ್ಕೆ ವಿರುದ್ಧ. ಬೀದರ್ ಈಗ ರಾಜ್ಯದಲ್ಲಿ ಸೋಯಾ ಬೆಳೆಯುವ ಮುಖ್ಯ ಜಿಲ್ಲೆಗಳಲ್ಲೊಂದು. ಜಬಲ್ಪುರದಲ್ಲಿ ಬೆಳೆಸಿದ ಜೆ.ಎಸ್.–335 ತಳಿ ಇಲ್ಲಿ ಬಹುಕಾಲ ಮನೆಮಾತಾಗಿತ್ತು. ಹೆಸರು–ಉದ್ದು ಬೆಳೆದಾಗ ಮನೆಗಷ್ಟು ಉಳಿಸಿ ಉಳಿದದ್ದನ್ನು ಮಾರುತ್ತಿದ್ದರು. ಎಷ್ಟು ಉಳಿಸಬೇಕು ಎಂಬ ಮಾತಿನಲ್ಲಿ ಮನೆಯಾಕೆಗೆ ಪಾಲಿತ್ತು. ಸೋಯಾವನ್ನು ಯಾರೂ ಮನೆಯಲ್ಲಿ ಬೇಯಿಸುವುದಿಲ್ಲ. ರಾಶಿಯಾದ ಮರುದಿನವೇ ಚೀಲ ಅಡತಿಗೆ ಹೋಗುತ್ತದೆ, ಹಣ ಗಂಡಸಿನ ಕೈಗೆ ಬರುತ್ತದೆ. ಬೀಜವೂ ಮನೆಯದಲ್ಲ, ರೈತ ಸಂಪರ್ಕ ಕೇಂದ್ರದ ಸಾಲಿನಲ್ಲಿ ನಿಂತು ತಂದದ್ದು. ಕಳೆನಾಶಕ ಬಂದು ಸದಿಯ ಕೂಲಿ ಇಳಿಯಿತು. ಬೆನ್ನು ನೋವು ಕಡಿಮೆಯಾಯಿತೆಂಬುದು ನಿಜ, ಆ ಕೂಲಿಯನ್ನೇ ನಂಬಿದ್ದವಳ ಸಂತೆ ದುಡ್ಡು ಹೋಯಿತೆಂಬುದೂ ಅಷ್ಟೇ ನಿಜ. ಬೆಳೆ ಬದಲಾದಾಗ ಮನೆಯೊಳಗಿನ ಅಧಿಕಾರವೂ ಜಾಗ ಬದಲಿಸುತ್ತದೆ. ಇಳುವರಿಯ ಕೋಷ್ಟಕದಲ್ಲಿ ಇದು ಕಾಣುವುದಿಲ್ಲ.

ಎಳ್ಳಮಾವಾಸ್ಯೆಯ ದಿನ ಮಾತ್ರ ಹೊಲ ಎಲ್ಲರದೂ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಅಂಬಲಿ ಹೊತ್ತು ಹೆಂಗಸರು ಬರುತ್ತಾರೆ, ಬೆಳೆಗೆ ಚರಗ ಚೆಲ್ಲುತ್ತಾರೆ. ಆ ಭಜ್ಜಿಗೆ ಎಷ್ಟು ಬಗೆಯ ಕಾಳು, ಸೊಪ್ಪು, ಕಾಯಿ ಬೀಳುತ್ತದೆ ಎಂದು ಎಣಿಸಿದರೆ ಆ ಹೊಲದಲ್ಲಿ ಇನ್ನೂ ಏನೇನು ಉಳಿದಿದೆ ಎಂಬ ಲೆಕ್ಕ ಸಿಗುತ್ತದೆ.

ಕಡಲೆ ಕೀಳುವ ಕೈ

ಕಡಲೆ ಗಿಡದ ಎಲೆ–ಕಾಯಿಗಳ ನವಿರು ಕೂದಲುಗಳಿಂದ ಹುಳಿ ಸ್ರವಿಸುತ್ತದೆ. ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಅದರಲ್ಲಿವೆ. ಉತ್ತರ ಕರ್ನಾಟಕದಲ್ಲಿ ಹಿಂದೆ ನಸುಕಿನಲ್ಲಿ ಬಿಳಿ ಬಟ್ಟೆಯನ್ನು ಕಡಲೆ ಹೊಲದ ಮೇಲೆ ಎಳೆದು, ಹಿಂಡಿ, ಆ ಕಡಲೆ ಹುಳಿಯನ್ನು ಹೊಟ್ಟೆನೋವಿನ ಮದ್ದಾಗಿ ಇಡುತ್ತಿದ್ದರು. ಮದ್ದಾದ ಹುಳಿಯೇ ಕೀಳುವ ಕೈಗೆ ವಿಷ. ಹೊತ್ತೇರಿದರೆ ಒಣ ಕಾಯಿ ಉದುರುತ್ತದೆಂದು ಇಬ್ಬನಿ ಇರುವಾಗಲೇ ಕೀಳಬೇಕು. ಇಬ್ಬನಿಯಲ್ಲಿ ಹುಳಿ ಚೆನ್ನಾಗಿ ಹತ್ತುತ್ತದೆ. ಹಳೆ ಸೀರೆಯ ತುಂಡನ್ನು ಅಂಗೈಗೆ ಸುತ್ತಿಕೊಂಡು ಬಗ್ಗಿ ಬುಡಕ್ಕೆ ಕೈ ಹಾಕಿ ಕೀಳುತ್ತಾ ಸಾಗುವ ಹೆಂಗಸರನ್ನು ಜನವರಿ–ಫೆಬ್ರವರಿಯಲ್ಲಿ ಈ ಸೀಮೆಯ ಯಾವ ರಸ್ತೆಯ ಬದಿಯಲ್ಲೂ ಕಾಣಬಹುದು. ಮೂರನೇ ದಿನಕ್ಕೆ ಬೆರಳ ಸಂದಿ ಬಿರಿಯುತ್ತದೆ. ಆ ಕೈಯಿಂದ ಖಾರ ಕಲಸಲಾಗದು, ಮಗುವಿನ ಮುಖ ತೊಳೆಯಲಾಗದು.

ಕಡಲೆ ಗಿಡ ನೆಲಕ್ಕೆ ಹತ್ತಿರ ಹರಡಿ ಬೆಳೆಯುವುದರಿಂದ ಕಟಾವು ಯಂತ್ರಕ್ಕೆ ಸಿಗುತ್ತಿರಲಿಲ್ಲ. ಎತ್ತರಕ್ಕೆ ನೆಟ್ಟಗೆ ಬೆಳೆಯುವ ತಳಿಗಳನ್ನು ಇಕ್ರಿಸ್ಯಾಟ್ ಮತ್ತು ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳು ಸೇರಿ ಬೆಳೆಸಿದವು. ಆಂಧ್ರದ ನಂದ್ಯಾಲದಿಂದ ಎನ್‌ಬಿಇಜಿ–47 ಬಂತು. ನಮ್ಮ ಕಲಬುರಗಿ ಕೃಷಿ ಸಂಶೋಧನಾ ಕೇಂದ್ರದಿಂದ ಜಿಬಿಎಂ–2 ಬಂತು. ಕೈಯಿಂದ ಕೀಳುವ ಹೆಂಗಸರಿಗೆ ಚರ್ಮದ ಉರಿ ತಪ್ಪುತ್ತದೆ ಎಂಬುದನ್ನು ಈ ತಳಿಗಳ ಲಾಭಗಳ ಸಾಲಿನಲ್ಲಿ ವಿಜ್ಞಾನಿಗಳೇ ಬಾಯಿಬಿಟ್ಟು ಹೇಳಿದರು. ತಳಿ ಸಂಶೋಧನೆಯಲ್ಲಿ ಹೆಣ್ಣಿನ ಅಂಗೈ ಒಂದು ಕಾರಣವಾಗಿ ದಾಖಲಾದದ್ದು ದೊಡ್ಡ ಮಾತು. ಮುಂದಿನ ಪ್ರಶ್ನೆಯನ್ನೂ ಕೇಳಬೇಕು. ಯಂತ್ರ ಬಂದು ಒಂದು ಗಂಟೆಯಲ್ಲಿ ಹೊಲ ಬಯಲಾದಾಗ, ಉರಿಯುವ ಕೈಯಿಂದಲೇ ವಾರಗಟ್ಟಲೆ ಗಳಿಸುತ್ತಿದ್ದ ಕೂಲಿಗೆ ಬದಲಿ ಏನು? ಯಂತ್ರವನ್ನು ಹೆಂಗಸರ ಸಂಘವೇ ಇಟ್ಟುಕೊಂಡು ಬಾಡಿಗೆಗೆ ಬಿಡುವ ವ್ಯವಸ್ಥೆ ತಳಿಯ ಜತೆಜತೆಗೇ ಬರಬೇಕು.

ಕೂಲಿ

ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಎಂಬುದು ಊರಿನ ಕಟ್ಟುಪಾಡು. ಸಮಾನ ವೇತನ ಕಾಯ್ದೆ 1976ರಲ್ಲೇ ಬಂತು. ಕೆಲಸವೇ ಬೇರೆ, ಹಾಗಾಗಿ ದರವೂ ಬೇರೆ ಎಂಬ ಸಮಜಾಯಿಷಿಯಿಂದ ಕಾನೂನನ್ನು ದಾಟುತ್ತಾರೆ. ಗಡಿಯಾಚೆಯ ಮರಾಠವಾಡಾದ ಕಬ್ಬು ಕಡಿಯುವವರಲ್ಲಿ ಗಂಡ–ಹೆಂಡತಿ ಜೋಡಿಗೆ ‘ಕೊಯ್ತಾ’ ಎಂದು ಹೆಸರು. ಇಬ್ಬರ ದುಡಿಮೆಗೆ ಒಂದೇ ಲೆಕ್ಕ, ಮುಂಗಡ ಹಣ ಗಂಡನ ಕೈಗೆ. ಆಕೆ ಕಡಿದ ಕಬ್ಬಿಗೆ ಆಕೆಯ ಹೆಸರಿನ ಚೀಟಿ ಎಲ್ಲಿಯೂ ಇಲ್ಲ. ಈ ಗೋಡೆಯಲ್ಲಿ ಬಿರುಕು ಮೂಡಿಸಿದ್ದು ಉದ್ಯೋಗ ಖಾತ್ರಿ. 2006ರ ಫೆಬ್ರವರಿಯಲ್ಲಿ ಯೋಜನೆ ಶುರುವಾದ ಮೊದಲ ಹಂತದ 200 ಜಿಲ್ಲೆಗಳಲ್ಲಿ ಕರ್ನಾಟಕದ ಐದು ಇದ್ದವು, ಬೀದರ್ ಅವುಗಳಲ್ಲೊಂದು. ಕೆರೆ ಹೂಳೆತ್ತುವ ಕೆಲಸದಲ್ಲಿ ಗಂಡು–ಹೆಣ್ಣಿಗೆ ಒಂದೇ ದರ ಎಂಬುದನ್ನು ಊರು ಕಣ್ಣಾರೆ ಕಂಡಿತು.

ಹೆಣ್ಣಿನ ದುಡಿಮೆಗೆ ಸಮನಾದ ಬೆಲೆ ಈ ನೆಲಕ್ಕೆ ಹೊಸದಾಗಬಾರದಿತ್ತು. ಇಂದಿನ ಬಸವಕಲ್ಯಾಣವಾದ 12ನೆಯ ಶತಮಾನದ ಕಲ್ಯಾಣದಲ್ಲಿ ಕೊಟ್ಟಣದ ಸೋಮಮ್ಮ, ಆಯ್ದಕ್ಕಿ ಲಕ್ಕಮ್ಮ ತಾವು ಮಾಡುವ ಕಾಯಕದ ಹೆಸರಿನಿಂದಲೇ ಗುರುತಾದವರು. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಮರಳಿ ಸುರಿದು ಬಾ ಎಂದು ಕಳಿಸಿದವಳು ಲಕ್ಕಮ್ಮ ಎಂದು ಶರಣರ ಕಥನ ಹೇಳುತ್ತದೆ. ಮನೆಗೆ ಎಷ್ಟು ಕಾಳು ಸಾಕು ಎಂಬ ತೀರ್ಮಾನ ಆಕೆಯದಾಗಿತ್ತು.

ಪಹಣಿಯ ಹೆಸರು

2022–23ರ ಕಾರ್ಮಿಕ ಸಮೀಕ್ಷೆಯಂತೆ ಗ್ರಾಮೀಣ ಭಾರತದಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ 76 ಮಂದಿ ಕೃಷಿಯಲ್ಲಿದ್ದಾರೆ, ಗಂಡಸರಲ್ಲಿ 49. ದೇಶದ ಹಿಡುವಳಿಗಳಲ್ಲಿ ಹೆಂಗಸರ ಪಾಲು 2015–16ರ ಕೃಷಿ ಗಣತಿಯಲ್ಲಿ ನೂರಕ್ಕೆ 14ರಷ್ಟು ಮಾತ್ರ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸಂಶೋಧಕರು 2010–11ರಲ್ಲಿ ಕರ್ನಾಟಕದ ಕುಟುಂಬಗಳ ಆಸ್ತಿ ಸಮೀಕ್ಷೆ ಮಾಡಿದರು. ಅದೇ ಬಗೆಯ ಸಮೀಕ್ಷೆ ಘಾನಾ, ಈಕ್ವೆಡಾರ್‌ಗಳಲ್ಲೂ ನಡೆದಿತ್ತು. ಕುಟುಂಬದ ಭೌತಿಕ ಸಂಪತ್ತಿನಲ್ಲಿ ಹೆಂಗಸರ ಪಾಲು ಈಕ್ವೆಡಾರ್‌ನಲ್ಲಿ ನೂರಕ್ಕೆ 52, ಘಾನಾದಲ್ಲಿ 30, ಕರ್ನಾಟಕದಲ್ಲಿ 19.

ಕಾನೂನು ಹಿಂದೆ ಬಿದ್ದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರಲ್ಲಿ ಜಾರಿಯಾಗಿ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ತಂದೆ ಆ ದಿನ ಬದುಕಿರಬೇಕೆಂಬ ಷರತ್ತು ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಕರ್ನಾಟಕ, ಮಹಾರಾಷ್ಟ್ರಗಳ 1994ರ ಬದಲಾವಣೆಯನ್ನು ಅಭ್ಯಾಸ ಮಾಡಿದ ಅರ್ಥಶಾಸ್ತ್ರಜ್ಞರಿಗೆ ಹೆಣ್ಣುಮಕ್ಕಳಿಗೆ ಭೂಮಿ ಬರುವ ಸಾಧ್ಯತೆ ಹೆಚ್ಚಿದ್ದು ಕಂಡಿತು. ಗಂಡುಮಕ್ಕಳೊಂದಿಗಿನ ಅಂತರ ಮಾತ್ರ ಮುಚ್ಚಲಿಲ್ಲ. ಮುಚ್ಚದಿರಲು ಕಾರಣ ತವರು. ಅಣ್ಣ ಹಕ್ಕು ಬಿಡುಗಡೆ ಪತ್ರ ತಂದಾಗ ತಂಗಿ ಸಹಿ ಹಾಕುತ್ತಾಳೆ. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ ಎಂಬ ಭಯ ಅವಳಿಗೆ ಹೊಸದಲ್ಲ. ಬೀನಾ ಅಗರ್ವಾಲ್ 1994ರ ತಮ್ಮ ಗ್ರಂಥದಲ್ಲಿ ದಕ್ಷಿಣ ಏಷ್ಯಾದುದ್ದಕ್ಕೂ ಈ ಬಗೆಯ ಬಿಟ್ಟುಕೊಡುವಿಕೆಯನ್ನು ಗುರುತಿಸಿದ್ದಾರೆ.

ಪಹಣಿಯಲ್ಲಿ ಹೆಸರಿಲ್ಲದವಳಿಗೆ ಪಿ.ಎಂ. ಕಿಸಾನ್ ಕಂತು ಇಲ್ಲ, ಬೆಳೆಸಾಲ ಇಲ್ಲ, ಬೆಳೆ ಪರಿಹಾರ ಇಲ್ಲ. ಬೀದರ್ ಜಿಲ್ಲೆ ಸ್ವಸಹಾಯ ಸಂಘಗಳಿಗೆ ಹೆಸರಾದದ್ದು. 1990ರ ದಶಕದಿಂದ ಇಲ್ಲಿನ ಡಿಸಿಸಿ ಬ್ಯಾಂಕು ಸಂಘಗಳಿಗೆ ಸಾಲ ಕೊಡುವುದರಲ್ಲಿ ಮುಂದಿತ್ತು. ಸಂಘದ ಸಾಲದ ಪುಸ್ತಕದಲ್ಲಿ ಆಕೆಯ ಹೆಸರಿದೆ. ಆ ಹಣದಲ್ಲಿ ತಂದ ಗೊಬ್ಬರ ಬಿದ್ದ ಹೊಲದ ದಾಖಲೆಯಲ್ಲಿ ಇಲ್ಲ. ಎಂ. ಎಸ್. ಸ್ವಾಮಿನಾಥನ್ ರಾಜ್ಯಸಭೆಯಲ್ಲಿ ಮಂಡಿಸಿದ ಮಹಿಳಾ ರೈತರ ಹಕ್ಕುಗಳ ಮಸೂದೆ, 2011, ಭೂಮಿಯ ಒಡೆತನ ಇರಲಿ ಇಲ್ಲದಿರಲಿ, ಬೇಸಾಯ ಮಾಡುವ ಹೆಣ್ಣನ್ನು ರೈತ ಎಂದು ಪ್ರಮಾಣೀಕರಿಸಬೇಕು ಎಂದಿತ್ತು. ಅದು ಅಂಗೀಕಾರವಾಗದೆ ಬಿದ್ದುಹೋಯಿತು. ನಮ್ಮ ಕೃಷಿ ಶಾಸನದ ಚರಿತ್ರೆಯಲ್ಲಿ ಕೈತಪ್ಪಿದ ದೊಡ್ಡ ಅವಕಾಶ ಅದು.

ಸಂಶೋಧನೆ ಮತ್ತು ವಿಸ್ತರಣೆ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರದು, ಧಾರವಾಡದ್ದು 1986ರದು. ಕಲ್ಯಾಣ ಕರ್ನಾಟಕದ ಜಿಲ್ಲೆಗಳು 2009ರಿಂದ ರಾಯಚೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ.  ಧಾರವಾಡದಲ್ಲಿ 1974ರಲ್ಲಿ ಗ್ರಾಮೀಣ ಗೃಹವಿಜ್ಞಾನ ಕಾಲೇಜು ಆರಂಭವಾಯಿತು. ಅಲ್ಲಿಂದ ಬಂದ ಅಧ್ಯಾಪಕಿಯರು, ವಿಸ್ತರಣಾ ಕಾರ್ಯಕರ್ತೆಯರು ಹೆಂಗಸರ ದುಡಿಮೆಯ ಶ್ರಮವನ್ನು ಅಳೆದು ಬರೆದರು. ಆದರೆ ಇಡೀ ವ್ಯವಸ್ಥೆ ಹೆಣ್ಣಿಗೆ ಗೃಹವಿಜ್ಞಾನ, ಗಂಡಿಗೆ ಬೇಸಾಯ ವಿಜ್ಞಾನ ಎಂದು ಹೊಲದ ಕಟ್ಟುಪಾಡನ್ನೇ ತರಬೇತಿಯಲ್ಲೂ ಮುಂದುವರಿಸಿತು. ಹೆಂಗಸರ ತರಬೇತಿ ಎಂದರೆ ಉಪ್ಪಿನಕಾಯಿ, ಹೊಲಿಗೆ. ಬೀಜೋಪಚಾರ, ಸೊರಗು ರೋಗ ಎಂದರೆ ಗಂಡಸರ ಸಭೆ. ಬೀಜ ಮುಟ್ಟುವ ಕೈ ಯಾವುದು ಎಂದು ಕೂರಿಗೆಯ ಹಿಂದೆ ನೋಡಿದ್ದರೆ ಈ ತಪ್ಪು ಆಗುತ್ತಿರಲಿಲ್ಲ.

ಇದಕ್ಕೆ ಅಪವಾದಗಳಿವೆ. ಡೆನ್ಮಾರ್ಕಿನ ನೆರವಿನಿಂದ 1982ರಲ್ಲಿ ಕರ್ನಾಟಕದಲ್ಲಿ ಶುರುವಾದ ವೈಟೆಪ್ ಯೋಜನೆ ರೈತ ಮಹಿಳೆಯರಿಗೇ ಬೇಸಾಯದ ತರಬೇತಿ ಕೊಟ್ಟಿತು. 1989ರಲ್ಲಿ ಮಹಿಳಾ ಸಮಖ್ಯಾ ರಾಜ್ಯದಲ್ಲಿ ಕಾಲಿಟ್ಟ ಮೊದಲ ಮೂರು ಜಿಲ್ಲೆಗಳಲ್ಲಿ ಬೀದರ್ ಒಂದು. ಅದು ಕೃಷಿ ಯೋಜನೆಯಲ್ಲದಿದ್ದರೂ ಹೆಂಗಸರು ಗುಂಪಾಗಿ ಕಚೇರಿಯ ಮೆಟ್ಟಿಲು ಹತ್ತುವುದನ್ನು ರೂಢಿಗೆ ತಂದಿತು. ರಾಷ್ಟ್ರಮಟ್ಟದಲ್ಲಿ ಕೃಷಿಯಲ್ಲಿ ಮಹಿಳೆಯರಿಗೆಂದೇ ಭುವನೇಶ್ವರದ ಸಂಶೋಧನಾ ಕೇಂದ್ರ 1996ರಲ್ಲಿ ಆರಂಭವಾಯಿತು.

ಇಕ್ರಿಸ್ಯಾಟ್ 1975ರಲ್ಲಿ ಗ್ರಾಮಮಟ್ಟದ ಅಧ್ಯಯನ ಶುರುಮಾಡಿದಾಗ ಆರಿಸಿದ ಊರುಗಳಲ್ಲಿ ಸೋಲಾಪುರ ಜಿಲ್ಲೆಯ ಶಿರಾಪುರ, ಕಲಮಣ ಇದ್ದವು; ಮುಂದೆ ಕರ್ನಾಟಕದಲ್ಲಿ ವಿಜಯಪುರದ ಕಪನಿಂಬರಗಿ, ಮರಕಬ್ಬಿನಹಳ್ಳಿ, ತುಮಕೂರಿನ ತರಟಿ, ಬೆಳ್ಳದಮಡುಗು ಸೇರಿದವು. ವರ್ಷಗಟ್ಟಲೆ ಅದೇ ಮನೆಗಳ ದುಡಿಮೆ, ಕೂಲಿ, ಉಣಿಸುಗಳನ್ನು ಹೆಣ್ಣು–ಗಂಡು ಬೇರೆಯಾಗಿ ಬರೆದಿಟ್ಟದ್ದರಿಂದ ಒಣಬೇಸಾಯದ ನಾಡಿನಲ್ಲಿ ಯಾರು ಎಷ್ಟು ದುಡಿಯುತ್ತಾರೆ ಎಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿತು. ಮಹಾರಾಷ್ಟ್ರದ ಉಮ್ರಾ ಗ್ರಾಮದ ಶೇಂಗಾ ತಂತ್ರಜ್ಞಾನದ ಕುರಿತ 1997ರ ಅಧ್ಯಯನ ಇಳುವರಿಯಾಚೆಗೆ ಹೋಗಿ, ಹೊಸ ತಂತ್ರದಿಂದ ಹೆಣ್ಣು–ಗಂಡಿನ ಮೇಲಾಗುವ ಪರಿಣಾಮವನ್ನು ಅಳೆಯುವ ಸೂಚಕಗಳನ್ನು ಹುಡುಕಿತು. 2012ರಲ್ಲಿ ಕೃಷಿಯಲ್ಲಿ ಮಹಿಳಾ ಸಬಲೀಕರಣ ಸೂಚ್ಯಂಕ ಬಂತು. ಕಳೆದ ದಶಕದಲ್ಲಿ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಗಳು ಕೂಡಿ ನಡೆಸಿದ ಜೆನ್ನೊವೇಟ್ ಅಧ್ಯಯನ 26 ದೇಶಗಳ 137 ಹಳ್ಳಿ ಸಮುದಾಯಗಳಲ್ಲಿ ಕಟ್ಟುಪಾಡನ್ನೇ ನೇರ ವಿಷಯವಾಗಿ ಎತ್ತಿಕೊಂಡಿತು. ಒಂದೇ ಸೀಮೆಯ ಪಕ್ಕಪಕ್ಕದ ಊರುಗಳಲ್ಲೂ ಕಟ್ಟುಪಾಡಿನ ಬಿಗಿ ಬೇರೆಬೇರೆ, ಅದು ಕಾಲಕ್ಕೆ ತಕ್ಕಂತೆ ಸಡಿಲಿಸುತ್ತದೆ ಎಂಬುದು ಅಲ್ಲಿ ಎದ್ದು ಕಂಡಿತು. ಆಹಾರ ಮತ್ತು ಕೃಷಿ ಸಂಸ್ಥೆಯ 2023ರ ವರದಿಯಂತೆ, ಒಂದೇ ಅಳತೆಯ ಹೊಲಗಳನ್ನು ಹೋಲಿಸಿದರೆ ಹೆಂಗಸರು ನಡೆಸುವ ಹೊಲದ ಉತ್ಪಾದಕತೆ ಗಂಡಸರದಕ್ಕಿಂತ ನೂರಕ್ಕೆ 24ರಷ್ಟು ಕಡಿಮೆ. ನೀರು, ಗೊಬ್ಬರ, ಸಾಲ, ಸಕಾಲಕ್ಕೆ ಟ್ರ್ಯಾಕ್ಟರ್ ಸಿಗದವಳ ಹೊಲದಲ್ಲಿ ಇದಕ್ಕಿಂತ ಬೇರೆ ಏನು ಬಂದೀತು?

ಜಹೀರಾಬಾದಿನ ದಾರಿ

ಹುಮನಾಬಾದಿನಿಂದ ಅದೇ ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋದರೆ ತೆಲಂಗಾಣದ ಜಹೀರಾಬಾದ್. ಅಲ್ಲಿಯೂ ಇದೇ ಮಣ್ಣು, ಇದೇ ಮಳೆ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಪಸ್ತಾಪುರವನ್ನು ನೆಲೆ ಮಾಡಿಕೊಂಡು ದಲಿತ ಹೆಂಗಸರ ಸಂಘಗಳನ್ನು ಕಟ್ಟಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನವರಾದ ಪಿ. ವಿ. ಸತೀಶ್, ದೂರದರ್ಶನದ ಕೆಲಸ ಬಿಟ್ಟು ಬಂದವರು, 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಸಂಘದ ಹೆಂಗಸರು ಪಾಳುಬಿದ್ದ ಹೊಲಗಳನ್ನು ಹಸನು ಮಾಡಿ, ಒಂದೇ ಹೊಲದಲ್ಲಿ ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು ಕೂಡಿಸಿ ಬೆಳೆದರು. ಊರೂರಿಗೆ ಬೀಜ ಭಂಡಾರ ಇಟ್ಟರು. ಪಡಿತರದ ಅಕ್ಕಿಗೆ ಬದಲಾಗಿ ತಾವು ಬೆಳೆದ ಜೋಳವನ್ನೇ ಊರಿನ ಬಡವರಿಗೆ ಹಂಚಿದರು. 2008ರ ಅಕ್ಟೋಬರ್ 15ರಂದು ಮಾಚನೂರಿನಿಂದ ಸಂಘಂ ರೇಡಿಯೊ ಮಾತಾಡತೊಡಗಿತು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಇವರು ವಿಜ್ಞಾನಿಗಳೊಂದಿಗೆ ಮಾತಾಡಿದ್ದು ಫಲಾನುಭವಿಗಳಾಗಿ ಕೈಕಟ್ಟಿ ನಿಂತಲ್ಲ, ಬೀಜ ಇಟ್ಟುಕೊಂಡವರ ಅಧಿಕಾರದಿಂದ. ನಮ್ಮ ಹೋಬಳಿಗಳಲ್ಲಿ ಹೆಂಗಸರ ಸಂಘಗಳಿಗೆ ಕೊರತೆಯಿಲ್ಲ. ಆ ಸಂಘಗಳ ಕೈಯಲ್ಲಿ ಬೀಜ ಮತ್ತು ಗುತ್ತಿಗೆ ಭೂಮಿ ಇಲ್ಲ ಎಂಬುದೇ ಎರಡೂ ಕಡೆಯ ವ್ಯತ್ಯಾಸ.

ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಸಾರಿದೆ. ಹೋಬಳಿಯಲ್ಲಿ ಅದಕ್ಕೆ ಮಾಡಬಹುದಾದ ಕೆಲಸ ಸಣ್ಣದು, ಖರ್ಚಿಲ್ಲದ್ದು. ಪಹಣಿಯಲ್ಲಿ 9ನೇ ಕಾಲಂ ಒಡೆಯರದು, 12ನೇ ಕಾಲಂ ಸಾಗುವಳಿಯದು. ತಂದೆ ತೀರಿದ ಮೇಲೆ ಪೌತಿ ಖಾತೆಗೆಂದು ನಾಡ ಕಚೇರಿಗೆ ಹೋಗುವ ಅಣ್ಣ–ತಮ್ಮಂದಿರು ಅವ್ವನ, ಅಕ್ಕ–ತಂಗಿಯರ ಹೆಸರನ್ನೂ ಅರ್ಜಿಯಲ್ಲಿ ಬರೆಸಬೇಕು. ಬಿತ್ತಿದವಳ ಹೆಸರನ್ನು ಸಾಗುವಳಿಯ ಕಾಲಂನಲ್ಲಿ ಬರೆಯಿರಿ ಎಂದು ಗ್ರಾಮ ಆಡಳಿತಾಧಿಕಾರಿಯನ್ನು ಕೇಳಬೇಕು.